ಪಾಠ ಮಾರಿದವರು ಯಾರು

ಗ್ರಿಮ್ಸ್‌ಬಿ
ನವೆಂಬರ್ ೨, ೨೦೨೩

ಪ್ರೀತಿಯ ಅಣ್ಣ,

ಮೊಣಕಾಲು ನೋವು ಹೇಗಿದೆ? ಶೆಟ್‌ಲ್ಯಾಂಡ್ ದ್ವೀಪದ ಆ ಗಾಳಿಯಲ್ಲಿ ಶಾಲೆಯ ಬಸ್ಸು ಓಡಿಸಿ ಬಂದು, ಒಬ್ಬನೇ ಕೂತು ಡಬ್ಬಿ ಸೂಪು ಬಿಸಿ ಮಾಡಿ ಕುಡಿಯುತ್ತೀಯ ಎಂದು ನನಗೆ ಗೊತ್ತು. ಸ್ವಲ್ಪ ಗಟ್ಟಿ ಊಟ ಮಾಡು. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ನಿನಗೆ ಹೇಳಲೇಬೇಕಾದ ಸುದ್ದಿ ಇದೆ. ಡೇಮಿಯನ್ ಸೋತ.

ಹೌದು, ನಮ್ಮ ಮ್ಯೂರಿಯಲ್ ಅಕ್ಕನ ಮಗನೇ. ನೀನು ಪಕ್ಕದಲ್ಲಿ ಕೂತು ಕ್ಲಚ್ ಬಿಡುವುದನ್ನು ಕಲಿಸಿದ ಹುಡುಗ. ಅವನು ಕಂಪನಿ ಕಟ್ಟಿ ಊರಿನ ಡ್ರೈವಿಂಗ್ ಶಿಕ್ಷಕರನ್ನೆಲ್ಲ ಪಾಠ ಬುಕ್ ಮಾಡುವ ತನ್ನ ಆ್ಯಪ್‌ಗೆ ಸೇರಿಸಿಕೊಳ್ಳುವಾಗ ಎಲ್ಲರಿಗಿಂತ ಮೊದಲು ಸೇರಿದವರು ನಾವಿಬ್ಬರು. ಅಕ್ಕನ ಮಗ ಅಂತ ಅಭಿಮಾನ ಬೇರೆ. ಆಮೇಲೆ ಆದದ್ದನ್ನು ನೀನು ಮರೆತಿರಬಹುದು, ನಾನು ಮರೆತಿಲ್ಲ. ಲಾರಿಯ ಕಡೆಗೆ ನುಗ್ಗುತ್ತಿದ್ದ ಶಿಷ್ಯನ ಕೈಯಿಂದ ನೀನು ಸ್ಟಿಯರಿಂಗ್ ಕಿತ್ತುಕೊಂಡೆ, ಅವನ ಜೀವ ಉಳಿಯಿತು. ಒರಟಾಗಿ ನಡೆದುಕೊಂಡರು ಎಂದು ಅವನೇ ದೂರು ಕೊಟ್ಟ. ಕಂಪನಿ ನಿನ್ನನ್ನು ಒಂದು ಮಾತೂ ಕೇಳದೆ ಆ್ಯಪ್‌ನಿಂದ ಅಳಿಸಿಹಾಕಿತು. ನೀನು ಫೋನ್ ಮಾಡಿದರೆ ಡೇಮಿಯನ್ ಹೇಳಿದ್ದೇನು? "ಮಾಮ, ನೀವು ನಮ್ಮ ನೌಕರರಲ್ಲ. ನಿಮ್ಮ ಯಜಮಾನ್ರು ನೀವೇ. ನಾನೇನ್ ಮಾಡಕ್ಕಾಗುತ್ತೆ?" ಸಾಲದ ಕಂತು ಕಟ್ಟಲಾಗದೆ ನೀನು ಮನೆ ಮಾರಿ ಉತ್ತರಕ್ಕೆ ಹೊರಟುಹೋದೆ.

ಅವನ ಇಡೀ ವ್ಯಾಪಾರ ನಿಂತಿದ್ದೇ ನಮ್ಮ ಯಜಮಾನರು ನಾವೇ ಎಂಬ ಆ ಒಂದು ಮಾತಿನ ಮೇಲೆ ಎಂದು ನನಗೆ ತಿಳಿದದ್ದು ತೆರಿಗೆ ಇಲಾಖೆಯವರು ಬಂದಾಗ. ಪಾಠ ಮಾರುವವರು ನಾವೇ ಆದರೆ, ನಮ್ಮಂಥವರ ಗಳಿಕೆ ತೆರಿಗೆಯ ಮಿತಿಯೊಳಗೇ ಇರುವುದರಿಂದ ಪಾಠದ ಮೇಲೆ ವ್ಯಾಟ್, ಅಂದರೆ ಮಾರಾಟ ತೆರಿಗೆ, ಬೀಳುವುದಿಲ್ಲ. ನಮ್ಮಿಂದ ಹಿಡಿದುಕೊಳ್ಳುವ ಕಮಿಷನ್ನಿಗೆ ಮಾತ್ರ ಕಂಪನಿ ವ್ಯಾಟ್ ಕಟ್ಟಿದರೆ ಸಾಕು. ಪಾಠ ಮಾರುವುದು ಕಂಪನಿಯೇ ಆದರೆ ಕಲಿಯುವವರು ಕೊಟ್ಟ ಪೂರ್ತಿ ಹಣದ ಮೇಲೆ ವ್ಯಾಟ್, ಹಿಂದಿನ ವರ್ಷಗಳದ್ದೂ ಸೇರಿ. ಡೇಮಿಯನ್ ಕಮಿಷನ್ನಿನ ಮೇಲಷ್ಟೇ ಕಟ್ಟಿಕೊಂಡು ಬಂದಿದ್ದ. ಇಲಾಖೆ ಒಪ್ಪಲಿಲ್ಲ, ಅವನು ಲೀಡ್ಸ್‌ನ ತೆರಿಗೆ ನ್ಯಾಯಮಂಡಳಿಗೆ ಹೋದ. ಇಲಾಖೆಗೆ ಸಾಕ್ಷಿ ಹೇಳಲು ಶಿಕ್ಷಕರು ಬೇಕಾಗಿದ್ದರು. ನಾಳೆ ಶಿಷ್ಯರು ಸಿಗದಿದ್ದರೆ ಏನು ಗತಿ ಎಂದು ಎಲ್ಲರೂ ಹಿಂದೆ ಸರಿದರು. ನಾನು ಹೋದೆ. ನ್ಯಾಯಕ್ಕಾಗಿ ಎಂದು ಅಕ್ಕನ ಮುಂದೆ ಹೇಳಿದೆ. ನಿನ್ನ ಮುಂದೆ ಯಾಕೆ ನಾಟಕ? ಹೋದದ್ದು ಸೇಡಿಗೆ.

ಡೇಮಿಯನ್ ಎದುರಿಗೇ ಕೂತಿದ್ದ. ಅವನ ವಕೀಲ ಬಹಳ ನಯದ ಮನುಷ್ಯ. ಕಾರು ನಿಮ್ಮದೇ ತಾನೆ, ಪೆಟ್ರೋಲು ನಿಮ್ಮದೇ ತಾನೆ, ಯಾವಾಗ ಕೆಲಸ ಮಾಡಬೇಕೆಂದು ನೀವೇ ತೀರ್ಮಾನಿಸುತ್ತೀರಲ್ಲವೇ ಎಂದು ಒಂದೊಂದಾಗಿ ಕೇಳಿದ. ಎಲ್ಲವೂ ನಿಜ, ಹೌದು ಎಂದೆ. "ಹಾಗಾದ್ರೆ ಶಿಷ್ಯರೂ ನಿಮ್ಮೋರೇ ಆದ್ರಲ್ಲ, ಮೇಡಂ" ಎಂದು ನಕ್ಕ. ನಾನು ಕಾದಿದ್ದದ್ದು ಅದಕ್ಕೇ.

"ಅಲ್ಲ" ಎಂದೆ. "ನಮ್ಮಣ್ಣನ್ನ ತೆಗೆದುಹಾಕಿದ ದಿನ ಅವನ ಶಿಷ್ಯರಿಗೆಲ್ಲ ಕಂಪನಿಯಿಂದ ಮೆಸೇಜ್ ಹೋಯ್ತು. ಚಿಂತೆ ಬೇಡ, ನಿಮ್ಮ ಪಾಠ ನಮ್ಮ ಹೊಣೆ, ನಮ್ಮ ಇನ್ನೊಬ್ಬ ಶಿಕ್ಷಕರು ಬರ್ತಾರೆ ಅಂತ. ಆ ಶಿಷ್ಯರ ಫೋನ್ ನಂಬರನ್ನೂ ಕಂಪನಿ ನಮ್ಮಣ್ಣನಿಗೆ ಕೊಟ್ಟಿರಲಿಲ್ಲ. ಒಬ್ಬರಿಗೂ ಹೋಗ್ತೀನಿ ಅಂತ ಹೇಳೋಕಾಗ್ಲಿಲ್ಲ ಅವನಿಗೆ. ಅವನ ಶಿಷ್ಯರಾಗಿದ್ರೆ ಹೀಗಾಗ್ತಿತ್ತಾ?"

ವಕೀಲ ಕಾಗದ ತಿರುವತೊಡಗಿದ. ನ್ಯಾಯಾಧೀಶೆ ಬರೆಯುವುದನ್ನು ನಿಲ್ಲಿಸಿ, ದರ ಯಾರು ಗೊತ್ತು ಮಾಡುತ್ತಿದ್ದರು ಎಂದು ಕೇಳಿದರು. ಕಂಪನಿ ಎಂದೆ. ನೀವು ಕಡಿಮೆ ಮಾಡಬಹುದಿತ್ತೇ ಎಂದರು. ಒಬ್ಬ ನರ್ಸಮ್ಮನಿಗೆ ಕಡಿಮೆ ಮಾಡಿದ್ದಕ್ಕೆ ಒಂದು ವಾರ ನನಗೆ ಪಾಠವನ್ನೇ ಕೊಡಲಿಲ್ಲ ಎಂದೆ. ಡೇಮಿಯನ್ ತಲೆ ತಗ್ಗಿಸಿದ. ನಾನು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ ಅಣ್ಣ. ನಿನ್ನನ್ನು ಹೊರಹಾಕಿದ ರೀತಿಯೇ ಅವನ ಕುತ್ತಿಗೆಗೆ ಬಂತು.

ಕಳೆದ ವಾರ ತೀರ್ಪು ಬಂತು. ಪಾಠ ಮಾರಿದ್ದು ಕಂಪನಿಯೇ, ಪೂರ್ತಿ ಹಣದ ಮೇಲೆ ವ್ಯಾಟ್ ಕಟ್ಟಬೇಕು. ಅಷ್ಟು ಕಟ್ಟುವ ಶಕ್ತಿ ಅವನಿಗಿಲ್ಲ, ಈ ತಿಂಗಳಲ್ಲೇ ಕಂಪನಿ ಮುಚ್ಚುತ್ತದೆ. ಅಕ್ಕ ಮನೆ ಬಾಗಿಲಿಗೆ ಬಂದು, "ನೀನೇ ಎತ್ತಾಡಿಸಿದ ಹುಡುಗ ಅಲ್ವೇನೇ ಅವನು? ಮನೆ ಮಾರ್ತಿದಾನೆ ಬ್ರೆಂಡಾ" ಎಂದು ಅತ್ತಳು. "ಅಣ್ಣನೂ ಮಾರಿದ" ಎಂದು ಬಾಗಿಲು ಹಾಕಿಕೊಂಡೆ. ಆಮೇಲೆ ಮೂಲೆಯಂಗಡಿಯಿಂದ ಮೀನು, ಚಿಪ್ಸು ತಂದು ಮೇಲೆ ವಿನೆಗರ್ ಸುರಿದುಕೊಂಡು ತಿಂದೆ. ಅಷ್ಟು ರುಚಿಯಾಗಿ ಉಂಡು ಎಷ್ಟೋ ಕಾಲವಾಗಿತ್ತು. ಉಳಿದ ಶಿಕ್ಷಕರಲ್ಲಿ ಕೆಲವರು ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ. ಅವರ ಕೆಲಸಕ್ಕೂ ಕಲ್ಲು ಬಿತ್ತಲ್ಲ. ನನಗೂ ಈ ವಾರ ಪಾಠವಿಲ್ಲ. ಪರವಾಗಿಲ್ಲ, ಗ್ರಂಥಾಲಯದ ಗೋಡೆಗೆ ನನ್ನ ಹೆಸರು, ನಂಬರು ಬರೆದು ಅಂಟಿಸಿ ಬಂದಿದ್ದೇನೆ.

ಬೆಚ್ಚಗಿರು. ಬಸ್ಸಿನ ಮಕ್ಕಳ ಮೇಲೆ ರೇಗಬೇಡ. ದೇವರು ನಿನ್ನ ಕಾಲಿಗೆ ಬಲ ಕೊಡಲಿ.

ನಿನ್ನ ತಂಗಿ,
ಬ್ರೆಂಡಾ

ಮತ್ತೆ: ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ನಿನ್ನೆ ಡೇಮಿಯನ್ ಬಂದಿದ್ದ. ಒಳಗೆ ಕರೆಯಲಿಲ್ಲ. "ಚಿಕ್ಕಮ್ಮ, ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ. ಮಾಮನ ಅಡ್ರೆಸ್ ಕೊಡಿ, ಕ್ಷಮೆ ಕೇಳ್ಬೇಕು" ಎಂದ. ಕೊಟ್ಟೆ. ಬರುವ ಗುರುವಾರ ಅಬರ್ಡೀನ್‌ನಲ್ಲಿ ಹಡಗು ಹತ್ತುತ್ತಾನೆ, ಶುಕ್ರವಾರ ಬೆಳಿಗ್ಗೆ ನಿನ್ನ ಬಾಗಿಲಲ್ಲಿರುತ್ತಾನೆ. ನಿನ್ನ ಮನಸ್ಸು ಮೆತ್ತಗೆ, ಒಳಗೆ ಕರೆದು ಚಹಾ ಕೊಡುತ್ತೀಯ. ಕೊಡು, ನಿನ್ನಿಷ್ಟ. ಆದರೆ ನನ್ನ ಪರವಾಗಿ ಮಾತ್ರ ಅವನನ್ನು ಕ್ಷಮಿಸಬೇಡ.