ಇಳಿಜಾರು ಭುಜದ ಗಿರಾಕಿ

ಮಾರ್ಚ್ ೧೨, ಬುಧವಾರ
ಅಂಗಡಿಯಿಂದ

ನನ್ನ ಸೂಜಿಮಲ್ಲಿಗೆಗೆ,

ನಾನು ಜೀವಂತವಾಗಿದ್ದೇನೆ, ಆದರೆ ಕ್ಷೇಮವೆಂದು ಬರೆದರೆ ಸುಳ್ಳಾಗುತ್ತದೆ. ನೀನು ಅಕ್ಕನ ಮನೆಗೆ ಹೋಗಿ ಒಂಬತ್ತು ದಿನವಾಯಿತು. ಫೋನು ಎತ್ತುತ್ತಿಲ್ಲ, ಸರಿಯೇ. ಕಾಗದ ತಡವಾದದ್ದಕ್ಕೆ ಕ್ಷಮಿಸು. ನಾಲ್ಕು ಸಲ ಶುರುಮಾಡಿದೆ, ನಾಲ್ಕು ಸಲವೂ ಖಳನಾಯಕಿ ನೀನೇ ಆದೆ. ಹರಿದುಹಾಕಿದೆ. ಈಗಲೂ ಎರಡು ಸಾಲಿಗೊಮ್ಮೆ ಎದ್ದು ಬಾಗಿಲಿನವರೆಗೆ ಹೋಗಿ ಬರುತ್ತಿದ್ದೇನೆ.

ಅಂದು ನಡೆದದ್ದು ನಿನಗೆ ಅರ್ಧ ಮಾತ್ರ ಗೊತ್ತು. ಇಸ್ತ್ರಿಯವನು ತನ್ನ ಫೋನಿನಲ್ಲಿ ಯಾರೋ ಮೇಷ್ಟ್ರ ಫೋಟೋ ತೋರಿಸಿ, ನಿಮ್ಮ ಮನೆಯವರು ಇದಕ್ಕೆ ಹೃದಯ ಒತ್ತಿದ್ದಾರೆ ನೋಡಿ ಎಂದ. ಬರೀ ಹೃದಯವಾಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಆದರೆ ಆ ಅಂಗಿಯ ಕಾಜಾಗಳು ನಿನ್ನ ಕೈಯವು. ಗುಂಡಿ ತೂರುವ ಕಂಡಿಯ ಮೂಲೆಯಲ್ಲಿ ಒಂದು ಗಂಟು ಹೆಚ್ಚಿಗೆ ಹಾಕುವವಳು ಈ ಊರಲ್ಲಿ ನೀನೊಬ್ಬಳೇ. ನನ್ನ ಕಣ್ಣು ತಪ್ಪಿಸಿ ಯಾವನಿಗೋ ಅಂಗಿ ಹೊಲಿದುಕೊಟ್ಟಿದ್ದಾಳೆಂದು ಮೈಯೆಲ್ಲ ಉರಿದುಹೋಯಿತು. ಮೂವರು ಗಿರಾಕಿಗಳ ಮುಂದೆ ಹತ್ತು ಜನರ ಪಾತ್ರ ನಾನೊಬ್ಬನೇ ಮಾಡಿ ಕೂಗಾಡಿದೆ. ನೀನು ದಾರ ಕಚ್ಚಿ ಕತ್ತರಿಸಿ, ಬ್ಯಾಗು ಎತ್ತಿಕೊಂಡು, “ಅವರು ಯಾರು ಅಂತ ಅವರನ್ನೇ ಕೇಳ್ಕೊಂಡು ಬನ್ನಿ” ಎಂದು ಹೊರಟೆ.

ಕೇಳಲು ಹೋದೆ, ಮರುದಿನವೇ. ಶಾಲೆಯ ಮೆಟ್ಟಿಲ ಮೇಲೆ, ಊಟದ ಬಿಡುವಿನಲ್ಲಿ, ಇಡೀ ಶಾಲೆಯೇ ಪ್ರೇಕ್ಷಕರಾಗಿ ನೆರೆದಿರುವಾಗ, ಕೊನೆಯ ಸಾಲಿಗೂ ಕೇಳಿಸುವಂತೆ ಗರ್ಜಿಸಿ ಆ ಮೇಷ್ಟ್ರ ಕೊರಳಪಟ್ಟಿಗೆ ಕೈ ಹಾಕಿದೆ. ಕೈ ಭುಜಕ್ಕೆ ತಾಗಿತು. ಬೆರಳುಗಳು ತಾವಾಗೇ ಅಳೆಯತೊಡಗಿದವು. ಎಡಭುಜ ಬಲಕ್ಕಿಂತ ಅರ್ಧ ಇಂಚು ಇಳಿಜಾರು. ಆ ಭುಜ ಅಳೆದು, ಅದಕ್ಕೆ ತಕ್ಕಂತೆ ಆ ಅಂಗಿಯ ಬಟ್ಟೆ ಕತ್ತರಿಸಿ ನಿನ್ನ ಕೈಗೆ ಹೊಲಿಯಲು ಕೊಟ್ಟವನು ನಾನೇ. ಗಿರಾಕಿಗಳ ಮುಖ ನಾನು ಯಾವತ್ತು ನೋಡಿದ್ದೇನೆ ಹೇಳು?

ಪುಣ್ಯಾತ್ಮ ಕೋಪಿಸಿಕೊಳ್ಳಲಿಲ್ಲ. “ಅಳತೆ ತಗೊಂಡಿದ್ದು ನೀವೇ ಅಲ್ವಾ ಯಜಮಾನ್ರೇ? ಈಗೇನು, ಕತ್ತಿನ ಅಳತೆ ಮತ್ತೆ ಬೇಕಿತ್ತಾ?” ಎಂದ. ಮಕ್ಕಳು ನಕ್ಕವು. ನಾನೂ ನಕ್ಕಂತೆ ಮಾಡಿದೆ. ಅಷ್ಟು ಕೆಟ್ಟ ನಟನೆ ನನ್ನ ಜನ್ಮದಲ್ಲಿ ಮಾಡಿರಲಿಲ್ಲ.

ತಪ್ಪು ನನ್ನದು, ಪೂರ್ತಿ ನನ್ನದು. ಕತ್ತರಿಸಿಟ್ಟ ಬಟ್ಟೆ ನಿನ್ನ ಮಿಷನ್ನಿನ ಮೇಲೆ ಗುಡ್ಡವಾಗಿದೆ, ಅದಕ್ಕಾಗಿ ಕರೆಯುತ್ತಿಲ್ಲ. ಬರುವುದು ಬಿಡುವುದು ನಿನಗೇ ಬಿಟ್ಟದ್ದು. ನಿನ್ನ ಅಕ್ಕ-ಭಾವನಿಗೆ ನಮಸ್ಕಾರ, ಅವರ ಮಗಳಿಗೆ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಬಾಯಿಬಡುಕ

ಇನ್ನೊಂದು ಮಾತು: ಇಂದು ಮಧ್ಯಾಹ್ನ ಮೊದಲ ಸಲ ಫೋನಿನಲ್ಲಿ ನಿನ್ನ ಪುಟ ತೆರೆದು ಬುಡದಿಂದ ನೋಡಿದೆ. ನಮ್ಮಲ್ಲಿ ಹೊಲಿಸಿದ ಬಟ್ಟೆ ತೊಟ್ಟು ಫೋಟೋ ಹಾಕಿದವರಿಗೆಲ್ಲ ನೀನು ಹೃದಯ ಒತ್ತಿದ್ದೀಯ. ನಾಲ್ಕು ವರ್ಷದ ಹಿಂದಿನ ಮೊಟ್ಟಮೊದಲ ಚಿತ್ರ ಒಂದು ಪುಟ್ಟ ಫ್ರಾಕಿನದು. ನೀನೇ ಕತ್ತರಿಸಿದ್ದಂತೆ, ನಿನಗೆ ಕತ್ತರಿಸಲು ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಕೆಳಗೆ ಯಾರೋ, “ತುಂಬಾ ಚೆನ್ನಾಗಿದೆ, ನಿಮ್ಮ ಯಜಮಾನ್ರು ಏನಂದ್ರು?” ಎಂದು ಕೇಳಿದ್ದಾರೆ. ನೀನು ಬರೆದಿದ್ದೀಯ: “ಅವರಿನ್ನೂ ನೋಡಿಲ್ಲ.”