ಎಂಟನೆಯ ಅಕ್ಷರದ ಆಚೆಗೂ ನನ್ನ ಹೆಸರಿದೆ

ಕೋಲಾರ
೩ ಆಗಸ್ಟ್ ೧೯೮೭

ಪರೀಕ್ಷಾಂಗದ ಕುಲಸಚಿವರೇ,

ಮಾನ್ಯರೇ ಎಂದು ಬರೆಯಲು ಕೈ ಏಳುತ್ತಿಲ್ಲ, ಕ್ಷಮಿಸಿ. ಕಳೆದ ಮೇ ಹನ್ನೆರಡರಂದು ಕೋಲಾರದ ಪರೀಕ್ಷಾ ಕೊಠಡಿಯಲ್ಲಿ ಮೂರು ಗಂಟೆ ಕೂತು, ಇಪ್ಪತ್ತೆಂಟು ಪುಟ ಬರೆದು, ಹಾಜರಿ ಹಾಳೆಗೆ ಸಹಿ ಹಾಕಿ ಎದ್ದುಬಂದ ನನ್ನನ್ನು ನಿಮ್ಮ ವಿಶ್ವವಿದ್ಯಾನಿಲಯ ಗೈರುಹಾಜರಿ ಎಂದು ಪ್ರಕಟಿಸಿದೆ. ವಿಷಯ ಡೇಟಾ ಸ್ಟ್ರಕ್ಚರ್ಸ್. ಕಂಪ್ಯೂಟರಿನೊಳಗೆ ಮಾಹಿತಿಯನ್ನು ಹೇಗೆ ಜೋಡಿಸಿಡಬೇಕು, ಬೇಕಾದಾಗ ತಪ್ಪಿಲ್ಲದೆ ಹೇಗೆ ಹುಡುಕಿ ತೆಗೆಯಬೇಕು ಎಂದು ಕಲಿಸುವ ಪಾಠ ಅದು. ಅದರಲ್ಲಿ ಪಾಸಾಗದಿದ್ದರೆ ಎಂಜಿನಿಯರಿಂಗ್ ಮೂರನೆಯ ವರ್ಷಕ್ಕೆ ಪ್ರವೇಶವಿಲ್ಲ. ಪ್ರವೇಶ ಮುಗಿಯುವುದು ಇದೇ ತಿಂಗಳ ಇಪ್ಪತ್ತಕ್ಕೆ.

ತಪ್ಪು ಹೇಗಾಯಿತೆಂದು ನಿಮ್ಮವರು ಯಾರೂ ಹೇಳಲಿಲ್ಲ, ನಾನೇ ಹುಡುಕಿದೆ. ಈ ವರ್ಷ ಪ್ರಯೋಗಕ್ಕೆಂದು ಈ ಒಂದು ವಿಷಯದ ಫಲಿತಾಂಶವನ್ನು ಹೊಸ ಕಂಪ್ಯೂಟರಿನಲ್ಲಿ ತಯಾರಿಸಿದಿರಿ. ಗೈರುಹಾಜರಾದವರ ಪಟ್ಟಿಯಲ್ಲಿ ಏಳು ಜನ. ಏಳೂ ಜನ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರು. ಬೆಂಗಳೂರಿನ ಒಬ್ಬನೇ ಒಬ್ಬ ಅನಿಲನೂ, ಒಬ್ಬಳೇ ಒಬ್ಬಳು ರೂಪಾಳೂ ಅದರಲ್ಲಿಲ್ಲ. ಆ ದಿನ ನಮ್ಮ ಕಡೆಯವರಿಗೆ ಮಾತ್ರ ಒಟ್ಟಿಗೆ ಹೊಟ್ಟೆನೋವು ಬಂದಿತ್ತೇ? ಮುನಿಕೃಷ್ಣಮ್ಮ ಗೈರುಹಾಜರಿ, ಮುನಿಕೃಷ್ಣಪ್ಪ ಪಾಸು. ವೆಂಕಟರತ್ನಮ್ಮ, ಅಂದರೆ ನಾನು, ಗೈರುಹಾಜರಿ, ವೆಂಕಟರಾಯಪ್ಪ ಪಾಸು. ಇಂಗ್ಲಿಷಿನಲ್ಲಿ ಬರೆದು ನೋಡಿ, ಮೊದಲ ಎಂಟು ಅಕ್ಷರ ಒಂದೇ. ನಿಮ್ಮ ಯಂತ್ರಕ್ಕೆ ಕಲಿಸಿಕೊಟ್ಟಿರುವುದೇ ಎಂಟು ಅಕ್ಷರ. ಅದರ ಜೊತೆಗೆ ಹುಟ್ಟಿದ ದಿನಾಂಕವೂ ಒಂದೇ ಆದರೆ ಇಬ್ಬರೂ ಒಬ್ಬರೇ ಎಂದು ತಿಳಿದು ಅದು ಒಂದು ಹೆಸರನ್ನೂ ಹೆಚ್ಚಿನ ಅಂಕವನ್ನೂ ಇಟ್ಟುಕೊಂಡು ಉಳಿದದ್ದನ್ನು ಎಸೆಯುತ್ತದೆ. ಎಸೆದ ಹೆಸರಿನ ಮುಂದೆ ಅಂಕವಿಲ್ಲ, ಆದ್ದರಿಂದ ಗೈರುಹಾಜರಿ. ನೋಂದಣಿ ಸಂಖ್ಯೆ ಎನ್ನುವುದೊಂದು ಇದೆಯಲ್ಲ, ಅದು ಬೇಡವೆಂದು ತೀರ್ಮಾನಿಸಿದ ಪಂಡಿತರು ಯಾರು?

ದಿನಾಂಕ ಹೇಗೆ ಒಂದಾಯಿತು ಎಂದು ನೀವು ಕೇಳಬಹುದು. ನಾವು ಆಸ್ಪತ್ರೆಯಲ್ಲಿ ಹುಟ್ಟಿದವರಲ್ಲ. ನಾನು ಹುಟ್ಟಿದ್ದು ರಾಗಿ ಬಿತ್ತನೆಯ ಹೊತ್ತಿಗೆ ಎನ್ನುವುದಷ್ಟೇ ನಮ್ಮಮ್ಮ ಅನಸೂಯಮ್ಮನಿಗೆ ಗೊತ್ತು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ ಒಂದು ಎಂದು ಬರೆದುಕೊಂಡರು. ನನ್ನ ಸಹಪಾಠಿ, ಟೇಕಲ್ಲಿನ ವೆಂಕಟರಾಯಪ್ಪನಿಗೂ ಅವನ ಮೇಷ್ಟ್ರು ಅದನ್ನೇ ಬರೆದರು. ನಮ್ಮ ತರಗತಿಯಲ್ಲಿ ಅರ್ಧ ಜನ ಜೂನ್ ಒಂದರಂದೇ ಹುಟ್ಟಿದವರು. ಇದು ಯಾವ ಹಳ್ಳಿ ಶಾಲೆಯ ಜವಾನನಿಗೂ ತಿಳಿದಿರುವ ಸಂಗತಿ.

ಆ ದಿನದ ಪ್ರಶ್ನೆಪತ್ರಿಕೆಯ ಐದನೆಯ ಪ್ರಶ್ನೆ ಏನಿತ್ತು ಗೊತ್ತೇ? ಕಂಪ್ಯೂಟರಿನ ನೆನಪಿನ ಒಂದೇ ಗೂಡಿಗೆ ಎರಡು ಹೆಸರು ಬಂದು ಬಿದ್ದರೆ ಏನು ಮಾಡಬೇಕು ಎಂದು. ಎರಡನ್ನೂ ಉಳಿಸಿಕೊಳ್ಳಬೇಕು, ಒಂದರ ಹಿಂದೆ ಒಂದನ್ನು ಕಟ್ಟಿಡಬೇಕು, ಪೂರ್ತಿ ಓದಿ ಬೇರೆ ಮಾಡಬೇಕು ಎಂದು ಚಿತ್ರ ಬಿಡಿಸಿ ಒಂದೂವರೆ ಪುಟ ಬರೆದೆ. ಪ್ರಶ್ನೆ ಕೇಳಿದ್ದು ನೀವೇ. ಕಾಲೇಜಿಗೆಲ್ಲ ಇರುವ ಒಂದೇ ಕಂಪ್ಯೂಟರಿನ ಮುಂದೆ, ಚಪ್ಪಲಿ ಹೊರಗೆ ಬಿಟ್ಟು, ವಾರಕ್ಕೆ ಇಪ್ಪತ್ತು ನಿಮಿಷ ಕೂತು ಕಲಿತ ನಮಗೆ ಗೊತ್ತಿರುವಷ್ಟು, ಇಡೀ ದಿನ ತಣ್ಣನೆಯ ಕೋಣೆಯಲ್ಲಿ ಕೂರುವ ನಿಮ್ಮವರಿಗೆ ಗೊತ್ತಿಲ್ಲದಿರುವುದು ಹೇಸಿಗೆಯ ವಿಷಯ.

ನಿಮ್ಮ ಕಚೇರಿಗೆ ನಾಲ್ಕು ಸಲ ಬಂದೆ. ಪ್ರಾಂಶುಪಾಲರು ದೃಢೀಕರಿಸಿದ ಹಾಜರಿ ಹಾಳೆಯ ಪ್ರತಿ ಕೊಟ್ಟೆ. ಗುಮಾಸ್ತರು ಅದನ್ನು ಓದದೆ ಅದರ ಮೇಲೆ ಟೀ ಲೋಟ ಇಟ್ಟರು. "ಮಿಶನ್ ಸುಳ್ಳು ಹೇಳಲ್ಲಮ್ಮ. ಪರೀಕ್ಷೆಗೆ ಹೋಗಿದ್ಯಾ ಇಲ್ವಾ, ನೀನೇ ಇನ್ನೊಂದ್ಸಲ ನೆನಪು ಮಾಡ್ಕೋ," ಎಂದರು. ಅವರ ಮೇಲಿನ ಅಧಿಕಾರಿ ಇನ್ನೂ ದಯಾಳು. ಅಫಿಡವಿಟ್ ಮಾಡಿಸಿ ಹೆಸರನ್ನು ರತ್ನ ಎಂದು ಚಿಕ್ಕದು ಮಾಡಿಕೊಂಡರೆ ಮುಂದಕ್ಕೆ ಯಾವ ತೊಂದರೆಯೂ ಇರುವುದಿಲ್ಲ ಎಂದು ಬುದ್ಧಿ ಹೇಳಿದರು.

ಊರಿಗೆ ಹೋಗಿ ಅಮ್ಮನಿಗೆ ಇದನ್ನು ಹೇಳಿದೆ. ನಮ್ಮ ಮನೆಯಲ್ಲಿ ಆಡುವುದು ತೆಲುಗು, ಅಳು ಬಂದಾಗ ಮಾತ್ರ ಅಮ್ಮ ಯಾಕೋ ಕನ್ನಡಕ್ಕೆ ತಿರುಗುತ್ತಾಳೆ. ತೀರಿಕೊಂಡ ತನ್ನ ಅಕ್ಕನ ಹೆಸರನ್ನು ನನಗಿಟ್ಟವಳು ಅವಳು. "ಉದ್ದ ಹೆಸರಿಟ್ಟು ನಾನೇ ನಿನ್ನ ಓದು ಕೆಡಿಸಿದ್ನೇನಮ್ಮ?" ಎಂದು ಕೇಳಿದಳು. ಒಂದಕ್ಷರ ಓದಲು ಬಾರದ ಹೆಂಗಸಿಗೆ ತಾನೇ ತಪ್ಪು ಮಾಡಿದೆನೆನ್ನಿಸುವಂತೆ ಮಾಡಿದ್ದೀರಿ. ಇದಕ್ಕಾಗಿ ನಿಮ್ಮನ್ನು ನಾನು ಕ್ಷಮಿಸುವುದಿಲ್ಲ.

ಇನ್ನು ವೆಂಕಟರಾಯಪ್ಪನ ವಿಷಯ. ಅವನಿಗೆ ಎಪ್ಪತ್ತೆಂಟು ಬಂದಿದೆ. ಪರೀಕ್ಷೆಯ ದಿನವೇ ಅವನು ಎರಡು ಪ್ರಶ್ನೆ ಬಿಟ್ಟರೆ ಏನೂ ಬರೆದಿಲ್ಲವೆಂದು ತಲೆ ಮೇಲೆ ಕೈ ಹೊತ್ತು ಕೂತಿದ್ದ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅಂಕಪಟ್ಟಿ ಹಿಡಿದು ಹಾಸ್ಟೆಲಿನ ಗೇಟಿಗೆ ಬಂದ. "ಈ ನಂಬರು ನಂದಲ್ಲ, ನಿಂದು. ನಾನೆಲ್ಲಿ ಅಷ್ಟು ಬರೆದಿದ್ದೆ? ನಡಿ, ಹೇಳ್ತೀನಿ ಅವರಿಗೆ," ಎಂದ. ನಿಮ್ಮ ಕಚೇರಿಗೆ ಬಂದು ಹೇಳಿಯೂ ಹೇಳಿದ. ಅಂಕ ಜಾಸ್ತಿ ಮಾಡಿಸಲು ಅರ್ಜಿ ನಮೂನೆ ಇದೆ, ಕಮ್ಮಿ ಮಾಡಿಸಲು ಇಲ್ಲ ಎಂದು ಅವನನ್ನು ಸಾಗಹಾಕಿದರು. ಮತ್ತೆ ಬಂದು ಬರಹದಲ್ಲಿ ಕೊಟ್ಟ. ಮರುವಾರ ವಿವಾದವಿದೆ ಎಂಬ ಷರಾ ಬರೆದು ಅವನ ಫಲಿತಾಂಶವನ್ನೂ ತಡೆಹಿಡಿದಿರಿ. ನಿಜ ಹೇಳಿದ್ದಕ್ಕೆ ನಿಮ್ಮಲ್ಲಿ ಸಿಗುವ ಬಹುಮಾನ ಇದು.

ನಾನು ಕೇಳುವುದು ಮರುಪರೀಕ್ಷೆಯಲ್ಲ, ಕನಿಕರವೂ ಅಲ್ಲ. ಉತ್ತರಪತ್ರಿಕೆಗಳು ನಿಮ್ಮ ಉಗ್ರಾಣದಲ್ಲೇ ಇವೆ. ಹದಿನೆಂಟನೆಯ ತಾರೀಕಿನೊಳಗೆ ನಮ್ಮೆಲ್ಲರನ್ನೂ ಕರೆಸಿ, ನಮ್ಮೆದುರಿಗೇ ಕಟ್ಟು ಬಿಚ್ಚಿಸಿ, ಒಂದೊಂದನ್ನೂ ಪೂರ್ತಿ ಹೆಸರಿನ ಜೊತೆ ತಾಳೆ ನೋಡಿ. ಹಾಗೆ ನೋಡಿದರೆ ವೆಂಕಟರಾಯಪ್ಪ ಫೇಲಾಗುತ್ತಾನೆ. ಅವನಿಗೆ ಅದು ಗೊತ್ತು, ಅವನು ಸಿದ್ಧನಿದ್ದಾನೆ. ನಮಗೆಲ್ಲ ಪರೀಕ್ಷೆ ಮಾಡುವ ತಾವು, ಒಂದೇ ಒಂದು ಸಲ ತಪ್ಪಾಯಿತು ಎನ್ನಲು ಸಿದ್ಧರಿದ್ದೀರಾ?

ಇಂತಿ,
ರತ್ನ ಆಗಲು ಒಪ್ಪದ
ವೆಂಕಟರತ್ನಮ್ಮ, ರಾಯಲ್ಪಾಡು

ಮೇಲಿನದೆಲ್ಲ ಓದಿದ್ದೇನೆ, ನಿಜ. ಎಪ್ಪತ್ತೆಂಟು ನನ್ನದಲ್ಲ.
ವೆಂಕಟರಾಯಪ್ಪ, ಟೇಕಲ್