ಹಸಿರು ಫೈಲಿನ ಕೊನೆಯ ಹಾಳೆ

ಪ್ರೀತಿಯ ಸಿಸ್ಟರ್ ಯುಲೇಲಿಯಾ ಅವರಿಗೆ,

ಲಗ್ಗೆರೆಯಿಂದ ಶಾಂಭವಿಯ ನಮಸ್ಕಾರ.

ಇಷ್ಟು ವರ್ಷ ನಾನು ನಿಮಗೆ ಬರೆದದ್ದೆಲ್ಲ ರಿಪೋರ್ಟುಗಳು, ಅವೂ ಇಂಗ್ಲಿಷಿನಲ್ಲಿ. ಇದು ರಿಪೋರ್ಟಲ್ಲ. ಇಂಗ್ಲಿಷಿನಲ್ಲಿ ನನ್ನ ತಪ್ಪಿಗೆ ಇಡಲು ನನಗೆ ಹತ್ತು ಮೆತ್ತನೆಯ ಹೆಸರು ಗೊತ್ತಿದೆ. ಕನ್ನಡದಲ್ಲಿ ತಪ್ಪನ್ನು ತಪ್ಪು ಎಂದೇ ಬರೆಯಬೇಕು. ಅದಕ್ಕೇ ಕನ್ನಡದಲ್ಲಿ ಕೂತಿದ್ದೇನೆ.

ನೀವು ಉತ್ತರ ಬರೆಯುವುದಿಲ್ಲ ಎಂದು ಗೊತ್ತು. ವರ್ಗವಾದ ಸಿಸ್ಟರ್ ಒಂದು ವರ್ಷ ಹಳೆಯ ಶಾಲೆಗೆ ಪತ್ರ ಬರೆಯಬಾರದು, ಫೋನ್ ಮಾಡಬಾರದು, ಹೊಸಬರಿಗೆ ಜಾಗ ಬಿಡಬೇಕು ಎನ್ನುವುದು ನಿಮ್ಮ ಕಾನ್ವೆಂಟಿನ ಪದ್ಧತಿ. ಬೇರೆಯವರ ವಿಷಯದಲ್ಲಿ ಅದು ನನಗೆ ಒಳ್ಳೆಯ ಪದ್ಧತಿಯಾಗಿಯೇ ಕಂಡಿತ್ತು. ಮೇ ತಿಂಗಳ ಆ ಬೆಳಿಗ್ಗೆ ನಿಮ್ಮನ್ನು ಕಳುಹಿಸಲು ನಾನು ಏಳಕ್ಕೆ ಬಂದೆ. ಮುನಿಯಕ್ಕ ಪೊರಕೆ ಹಿಡಿದು ಗೇಟಿನಲ್ಲಿ ನಿಂತಿದ್ದಳು. "ಅಮ್ಮೋರು ಆಗ್ಲೇ ಒಂಟೋದ್ರು ಮೇಡಂ. ಒಂದೇ ಪೆಟ್ಗೆ. ಇಂಗೆ ಕೈ ಎತ್ತಿದ್ರು, ಆಟೋ ಅತ್ತಿದ್ರು" ಎಂದಳು. ಯಾದಗಿರಿ ಕಡೆಯ ಯಾವುದೋ ಹಳ್ಳಿಶಾಲೆಗೆ ಹೋದಿರಿ ಎಂದು ಆಮೇಲೆ ತಿಳಿಯಿತು. ನಿಮ್ಮ ಮೇಜಿನ ಮೇಲೆ ಬೀಗದ ಕೈಗೊಂಚಲು ಇತ್ತು, ಚೀಟಿ ಇರಲಿಲ್ಲ. ನಾನು ಹುಡುಕಿದೆ, ಸಿಸ್ಟರ್. ಡ್ರಾಯರ್‌ಗಳನ್ನೆಲ್ಲ ತೆಗೆದು ನೋಡಿದೆ.

ಈ ಶಾಲೆಗೆ ಸಿಸ್ಟರ್ ಅಲ್ಲದ, ಕ್ರೈಸ್ತಳೂ ಅಲ್ಲದ ಮೊದಲ ಮುಖ್ಯೋಪಾಧ್ಯಾಯಿನಿ ನಾನು. ಒಂದು ತಿಂಗಳು ನಿಮ್ಮ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಮೇಜಿನ ಈಚೆಗೆ, ಪೋಷಕರು ಕೂರುವ ಕುರ್ಚಿಯಲ್ಲೇ ಕೂತು ಫೈಲು ನೋಡಿದೆ. ನಾನು ಸ್ಟಾಫ್ ರೂಮಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಹದಿನೆಂಟು ವರ್ಷ ಅಲ್ಲೇ ಅವರೊಂದಿಗೆ ಡಬ್ಬಿ ಬಿಚ್ಚಿದವಳು ನಾನು. ಈಗ ನನ್ನ ಡಬ್ಬಿ ಎಷ್ಟೋ ದಿನ ಬಿಚ್ಚದೆಯೇ ಮನೆಗೆ ವಾಪಸ್ ಹೋಗುತ್ತದೆ. ಮನೆಯಲ್ಲಿ ಅದನ್ನು ನೋಡಿ ಬೈಯುವವರೂ ಇಲ್ಲ, ನಿಮಗೆ ಗೊತ್ತಲ್ಲ.

ಈಗ ಶಿವಗಂಗಾಳ ವಿಷಯಕ್ಕೆ ಬರುತ್ತೇನೆ. ಕಟ್ಟಡದ ಕೆಲಸ ಮಾಡುವ ಮಲಕಪ್ಪ, ದುರ್ಗವ್ವರ ಮಗಳು. ಸ್ಕಾಲರ್‌ಶಿಪ್ ಕೊಟ್ಟು ಐದನೇ ಕ್ಲಾಸಿಗೆ ಅವಳನ್ನು ಸೇರಿಸಿಕೊಂಡವರು ನೀವು. ಈಗ ಒಂಬತ್ತನೇ ಕ್ಲಾಸು. ಜುಲೈಯಲ್ಲಿ ಮಲಕಪ್ಪನ ಮೇಸ್ತ್ರಿಗೆ ಸರ್ಜಾಪುರದಲ್ಲಿ ಕೆಲಸ ಸಿಕ್ಕಿತು. ಗಂಡ ಹೆಂಡತಿ ಇಬ್ಬರೂ ಅಲ್ಲಿಗೆ ಹೋಗಬೇಕಾಯಿತು.

ಇಂಥದ್ದಕ್ಕೇ ಅಲ್ಲವೇ ನೀವು ನಿಮ್ಮ ಕಾನ್ವೆಂಟಿನ ಆರು ಶಾಲೆಗಳ ಮುಖ್ಯಸ್ಥರನ್ನು ಒಂದೇ ಮೇಜಿನ ಸುತ್ತ ಕೂರಿಸಿ ಒಪ್ಪಿಸಿದ್ದು? ಕೆಲಸದ ಹಿಂದೆ ಅಪ್ಪ ಅಮ್ಮ ಹೋಗುತ್ತಾರೆ, ಅವರ ಹಿಂದೆ ಮಗು ಹೋಗುತ್ತದೆ, ಮಗುವಿನ ಹಿಂದೆ ಸ್ಕಾಲರ್‌ಶಿಪ್ಪೂ ಹೋಗಬೇಕು ಎಂದಿರಿ. ಮೂರು ದಿನದೊಳಗೆ ಹಸಿರು ಫೈಲು ಕಟ್ಟಿ, ಈ ಶಾಲೆಯ ಮುಖ್ಯಸ್ಥರೇ ಮಗುವನ್ನು ಆ ಶಾಲೆಗೆ ಮುಟ್ಟಿಸಬೇಕು. ಫೈಲಿನಲ್ಲಿ ಟಿ.ಸಿ., ಅಂಕಪಟ್ಟಿ, ಆರೋಗ್ಯದ ಕಾರ್ಡು. ಕೊನೆಯಲ್ಲಿ ನೀವೇ ಸೇರಿಸಿದ ಒಂದು ಹಾಳೆ, ಅದರಲ್ಲಿ ಎರಡೇ ಪ್ರಶ್ನೆ. ಈ ಮಗುವಿಗೆ ಏನು ಇಷ್ಟ? ಈ ಮಗು ಯಾವುದಕ್ಕೆ ಹೆದರುತ್ತದೆ? ಅದನ್ನು ಮುಖ್ಯಸ್ಥರೇ ಕೈಯಾರೆ ಬರೆಯಬೇಕು, ಅದಿಲ್ಲದಿದ್ದರೆ ಫೈಲು ಪೂರ್ತಿಯಾಗುವುದಿಲ್ಲ.

ಆ ಹಾಳೆಯನ್ನು ನಾನು ಬರೆಯಲಿಲ್ಲ.

ಮಲಕಪ್ಪನಿಗೆ ಹೇಳಿದ್ದು ಹೀಗೆ: "ಫೈಲು ತಯಾರಾಗೋವರೆಗೂ ಇಲ್ಲೇ ಇರಲಿ. ಮಧ್ಯದಲ್ಲಿ ಓದು ನಿಲ್ಲಬಾರದು." ಅವನು ತಲೆಯಾಡಿಸಿದ. ಲಗ್ಗೆರೆಯಲ್ಲಿ ಶಿವಗಂಗಾಳ ಚಿಕ್ಕಮ್ಮ ಮಹಾನಂದಾ ಇದ್ದಾಳೆ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಅವಳ ಒಂದು ಕೋಣೆಯ ಮನೆಯಲ್ಲಿ ಹುಡುಗಿಯನ್ನು ಬಿಟ್ಟು ಅವರು ಸರ್ಜಾಪುರಕ್ಕೆ ಹೋದರು. ಒಂದು ವಾರದ ಮಾತು ಎಂದುಕೊಂಡಿದ್ದರು. ಏಳು ವಾರವಾಯಿತು.

ಶಾಲೆ ಬಿಟ್ಟ ಮೇಲೆ ಚಿಕ್ಕಮ್ಮ ಬರುವ ತನಕ ಅವಳು ನನ್ನ ಆಫೀಸಿನಲ್ಲೇ ಇರುತ್ತಿದ್ದಳು. ಅಷ್ಟರಲ್ಲಿ ನಾನು ನಿಮ್ಮ ಕುರ್ಚಿಗೆ ಹೋಗಿದ್ದೆ. ಪೋಷಕರ ಕುರ್ಚಿಯಲ್ಲಿ ಅವಳು. ಓದುವಾಗ ಚಪ್ಪಲಿ ಬಿಟ್ಟು ಕಾಲ್ಬೆರಳು ಅಲ್ಲಾಡಿಸುತ್ತಾಳೆ. ಬೆರಳು ನಿಂತಿತೆಂದರೆ ಲೆಕ್ಕ ಅರ್ಥವಾಗಿಲ್ಲ ಎಂದು. ನಾನು ಫೈಲಿನಿಂದ ತಲೆಯೆತ್ತದೆ "ಎಷ್ಟನೇದು?" ಎನ್ನುತ್ತಿದ್ದೆ. "ನಾಕನೇದ್ರಿ. ನಿಮಗ್ಹೆಂಗ ಗೊತ್ತಾಗ್ತದ್ರಿ ಮೇಡಂ? ದೇವ್ರು ಬರ್ತಾನೇನ್ರಿ ಮೈಯಾಗ?" ಎಂದು ನಗುತ್ತಿದ್ದಳು. ಒಮ್ಮೆ ನನ್ನ ಡಬ್ಬಿಯನ್ನು ಕೈಯಲ್ಲಿ ಎತ್ತಿ ತೂಗಿ ನೋಡಿದಳು. "ಉಂಡಿಲ್ಲೇನ್ರಿ ಇವತ್ತೂ? ನಮ್ಮವ್ವ ಇದ್ದಿದ್ರ ನಿಮಗ ಬೆನ್ನಿಗೆ ಎರಡು ಬಿಡ್ತಿದ್ಳು" ಎಂದಳು. ಆಮೇಲೆ ತಾನೇ ಹೆದರಿ ನಾಲಿಗೆ ಕಚ್ಚಿಕೊಂಡಳು. ನಾನು ಡಬ್ಬಿ ಬಿಚ್ಚಿದೆ. ತಣ್ಣಗಾದ ಚಿತ್ರಾನ್ನ ಇಬ್ಬರೂ ತಿಂದೆವು.

ಏಳು ವಾರದಲ್ಲಿ ನನಗಾದ ಸುಖ ಇಷ್ಟೇ. ಇಷ್ಟಕ್ಕಾಗಿ ಏನು ಮಾಡಿದೆ ನೋಡಿ.

ಭಾನುವಾರ ಭಾನುವಾರ ದುರ್ಗವ್ವ ಎರಡು ಬಸ್ಸು ಬದಲಿಸಿ ಮಗಳನ್ನು ನೋಡಲು ಬರುತ್ತಿದ್ದಳು. ಒಂದು ಭಾನುವಾರ ನಾನು ಶಾಲೆಯಲ್ಲಿರುವುದು ತಿಳಿದು ಗೇಟಿಗೆ ಬಂದಳು. "ಮೇಡಂ ಅವ್ರ, ನಮ್ಮ ಹುಡುಗಿ ಕಾಗದ ಆತೇನ್ರಿ?" ಎಂದಳು. "ಇನ್ನೊಂದು ಹಾಳೆ ಬಾಕಿ ಇದೆ ಕಣಮ್ಮ" ಎಂದೆ. ಸುಳ್ಳಲ್ಲ. ಆ ಹಾಳೆ ಯಾರ ಹತ್ತಿರ ಬಾಕಿ ಇದೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಮುನಿಯಕ್ಕ ಕೇಳಿಸಿಕೊಂಡಳು. ದುರ್ಗವ್ವ ಹೋದ ಮೇಲೆ ಬಕೆಟ್ಟನ್ನು ಕುಕ್ಕಿ ಇಟ್ಟು, "ಒಂದಾಳೆ ಬರ್ಯಕ್ಕೆ ಇಷ್ಟ್ ದಿನ್ವಾ? ನಾನು ಓದ್ದೇ ಇರೋಳು, ನಾನೇ ಬರ್ದಾಕ್ತಿದ್ದೆ" ಎಂದಳು. ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಬರೆಯಲು ಕೂರಲಿಲ್ಲವೆಂದಲ್ಲ. ನಾಲ್ಕು ಸಲ ಬರೆದು ಹರಿದೆ. ಮೊದಲ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದಕ್ಕೆ ಏನು ಬರೆಯಲಿ? ಒಂದು ಸೋಮವಾರ ಅವಳ ಕಣ್ಣು ಊದಿತ್ತು. ಏನಾಯಿತೆಂದು ಕೇಳಿದೆ. "ಐತವಾರ ಸಂಜಿ ಅಂದ್ರ ಅಂಜಿಕಿ ಬರ್ತದ್ರಿ. ಅವ್ವ ಹೊಳ್ಳಿ ಹೋಗ್ತಾಳಲ್ರಿ" ಎಂದಳು. ಈ ಮಗು ಭಾನುವಾರದ ಸಂಜೆಗೆ ಹೆದರುತ್ತದೆ. ನಿಜವಾದ ಉತ್ತರ ಅದೇ. ಅದನ್ನು ನನ್ನ ಕೈಯಿಂದಲೇ ಬರೆಯಬೇಕಿತ್ತು, ಆ ಹೆದರಿಕೆ ಹುಟ್ಟಿಸಿದ್ದೂ ನನ್ನ ಕೈಯೇ. ಅವಳ ಒಳ್ಳೆಯದಕ್ಕೆ ಎಂದು ಹೇಳಿಕೊಂಡೆ. ಇಲ್ಲಿಯ ಗಣಿತದ ಟೀಚರ್ ಚೆನ್ನಾಗಿದ್ದಾರೆ ಎಂದು ಹೇಳಿಕೊಂಡೆ. ಒಳ್ಳೆಯ ಶಾಲೆಗಳಲ್ಲಿ ಓದಿದವರಿಗೆ ಕಾರಣಗಳ ಬರವಿಲ್ಲ, ಸಿಸ್ಟರ್.

ಸೆಪ್ಟೆಂಬರಿನ ಎರಡನೇ ವಾರ ವೈಟ್‌ಫೀಲ್ಡಿನಲ್ಲಿ ಮುಖ್ಯಸ್ಥರ ತರಬೇತಿ ಇತ್ತು, ಎರಡು ದಿನ. ನಾನು ಎಂಟನೇ ಕ್ಲಾಸಿನಿಂದ ಓದಿದ ಅದೇ ಶಾಲೆ, ಅದೇ ಗೇಟು. ಸುತ್ತಲಿನ ಹೆಂಚಿನ ಮನೆಗಳೆಲ್ಲ ಹೋಗಿವೆ, ಮೇಲೆ ಮೆಟ್ರೋ ಓಡುತ್ತದೆ, ಗೇಟು ಮಾತ್ರ ಬದಲಾಗಿಲ್ಲ. ಪ್ರತಿಯೊಬ್ಬರೂ ತಮ್ಮ ಶಾಲೆಯ ಒಂದು ಒಳ್ಳೆಯ ಕೆಲಸದ ಬಗ್ಗೆ ಹತ್ತು ನಿಮಿಷ ಮಾತಾಡಬೇಕಿತ್ತು. ನಾನು ಹಸಿರು ಫೈಲಿನ ಬಗ್ಗೆ ಮಾತಾಡಿದೆ. ಒಳ್ಳೆಯ ಇಂಗ್ಲಿಷಿನಲ್ಲಿ, ಎಲ್ಲೂ ತಡವರಿಸದೆ. ಚಪ್ಪಾಳೆ ತಟ್ಟಿದರು. ಆ ಹೊತ್ತಿನಲ್ಲಿ ಶಿವಗಂಗಾಳ ಫೈಲು ಲಗ್ಗೆರೆಯಲ್ಲಿ ನನ್ನ ಡ್ರಾಯರಿನಲ್ಲಿತ್ತು.

ಊಟಕ್ಕೆ ಸರ್ಜಾಪುರ ಶಾಲೆಯ ಸಿಸ್ಟರ್ ಲಿಡ್ವಿನ್ ನನ್ನ ಪಕ್ಕ ಬಂದು ಕೂತರು. "ಶಾಂಭವಿ, ನಿಮ್ಮ ಹುಡುಗಿಗೆ ಎರಡನೇ ಬೆಂಚಿನ ತುದಿ ಖಾಲಿ ಇಟ್ಟಿದ್ದೀನಿ. ದಿನಾ ಒಬ್ಬಳು ಬ್ಯಾಗ್ ಇಡೋಕೆ ಬರ್ತಾಳೆ, ದಿನಾ ತೆಗೆಸ್ತೀನಿ. ಒಂಬತ್ತನೇ ಕ್ಲಾಸಿನ ಹೆಸರುಗಳು ಪರೀಕ್ಷಾ ಬೋರ್ಡಿಗೆ ಹೋಗೋದು ಈ ತಿಂಗಳ ಕೊನೆಗೆ. ಆಮೇಲೆ ನನ್ನ ಕೈಲಿಲ್ಲ. ಯಾಕೆ ತಡ?" ಎಂದರು.

ನಾನು ಹೇಳಿದೆ: "ಅವರಪ್ಪ ಇನ್ನೂ ಏನೂ ನಿರ್ಧಾರ ಮಾಡಿಲ್ಲ ಸಿಸ್ಟರ್."

ಅವರು ತಕ್ಷಣ ನಂಬಿದರು. "ಹೌದು ಬಿಡಿ, ಈ ಅಪ್ಪಂದಿರು" ಎಂದು ನಿಟ್ಟುಸಿರು ಬಿಟ್ಟು ಮೊಸರು ಬಡಿಸಿಕೊಂಡರು. ಕೂಲಿ ಮಾಡುವ ಅಪ್ಪನ ಮೇಲೆ ಏನು ಹೇಳಿದರೂ ಎಷ್ಟು ಬೇಗ ನಂಬುತ್ತಾರೆ ಎಂದು ನೋಡಿದೆ. ನನ್ನಪ್ಪನ ಬಗ್ಗೆಯೂ ಯಾರೋ ಹೀಗೆ ಹೇಳಿರಬೇಕು, ಯಾರೋ ಮೊಸರು ಬಡಿಸಿಕೊಂಡಿರಬೇಕು. ಅನ್ನ ಅರ್ಧಕ್ಕೇ ಬಿಟ್ಟೆ. ಕೈ ತೊಳೆದು ಗೇಟಿನ ಹತ್ತಿರ ಹೋಗಿ ನಿಂತೆ.

ಪೀಣ್ಯದಲ್ಲಿ ಅಪ್ಪ ಲೇತ್ ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ, ಅವನಿಗೆ ವೈಟ್‌ಫೀಲ್ಡಿನ ಕಡೆ ವಾಚ್‌ಮನ್ ಕೆಲಸ ಸಿಕ್ಕಾಗ ನೀವು ನನ್ನನ್ನು ಲಗ್ಗೆರೆಯ ಶಾಲೆಯಿಂದ ಬಿಡಿಸಿ, ಎರಡು ಬಸ್ಸು ಬದಲಿಸಿ ಇಲ್ಲಿಗೆ ತಂದು ಬಿಟ್ಟಿರಿ. ನಿಮಗಾಗ ಮೂವತ್ತೂ ಆಗಿರಲಿಲ್ಲ. ಹಸಿರು ಫೈಲು ಆಗ ಇರಲಿಲ್ಲ. ಇದೇ ಗೇಟಿನಲ್ಲಿ ನಿಂತು ಇಲ್ಲಿಯ ಹೆಡ್‌ಮಿಸ್ಟ್ರೆಸ್‌ಗೆ ನನ್ನೆದುರೇ ಹೇಳಿದಿರಿ: "ಈ ಹುಡುಗಿ ಹಸಿವಾದರೆ ಹೇಳುವುದಿಲ್ಲ. ನೀವೇ ಕೇಳ್ಬೇಕು." ನಾಚಿಕೆಯಿಂದ ನೆಲ ನೋಡಿದೆ. ನೀವು ನನ್ನ ತಲೆ ಮುಟ್ಟಿ ಹೊರಟಿರಿ. ನಾನು ಗೇಟಿನ ಸರಳು ಹಿಡಿದು ರಸ್ತೆಯ ತಿರುವಿನ ತನಕ ನೋಡಿದೆ. ನೀವು ಒಂದು ಸಲವೂ ಹಿಂದಕ್ಕೆ ತಿರುಗಲಿಲ್ಲ.

ಆ ಸಿಟ್ಟನ್ನು ಮೂವತ್ತು ವರ್ಷ ಇಟ್ಟುಕೊಂಡಿದ್ದೆ. ನಿಮ್ಮ ಕೈಕೆಳಗೆ ಕೆಲಸಕ್ಕೆ ಸೇರಿದ ಮೇಲೂ ಇತ್ತು, ಕೇಳುವ ಧೈರ್ಯ ಇರಲಿಲ್ಲ. ನನ್ನನ್ನು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟಿರಲ್ಲ ಎಂದು. ಈ ಮೇ ತಿಂಗಳಲ್ಲಿ ಮತ್ತೊಮ್ಮೆ ಹಾಗೇ ಹೋದಿರಿ. ಶಿವಗಂಗಾಳನ್ನು ಹಿಡಿದಿಟ್ಟಾಗ ನಾನು ನಿಮಗಿಂತ ಹೆಚ್ಚು ಪ್ರೀತಿಸಬಲ್ಲೆ ಎಂದು ತೋರಿಸುತ್ತಿದ್ದೆನೋ ಏನೋ. ಯಾರಿಗೆ ತೋರಿಸುವುದು? ನೀವು ನೋಡುತ್ತಲೂ ಇರಲಿಲ್ಲ.

ಊಟದ ಮೇಲೆ ಸಿಸ್ಟರ್ ಲಿಡ್ವಿನ್‌ರನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವರಪ್ಪ ಜುಲೈಯಲ್ಲೇ ಕೇಳಿದ್ದ, ಫೈಲು ಇಟ್ಟುಕೊಂಡಿದ್ದು ನಾನು ಎಂದೆ. ಅವರು "ಸೋಮವಾರ ಕರ್ಕೊಂಡ್ ಬನ್ನಿ" ಎಂದಷ್ಟೇ ಹೇಳಿ ಒಳಗೆ ಹೋದರು. ಎರಡನೆಯ ದಿನ ನನ್ನ ಪಕ್ಕ ಕೂರಲಿಲ್ಲ. ಅವರದು ತಪ್ಪಿಲ್ಲ.

ಹಾಳೆ ಬರೆಯಲು ಐದು ನಿಮಿಷ ಹಿಡಿಯಿತು. ಕಾಲ್ಬೆರಳಿನ ವಿಷಯ ಬರೆದೆ. ಭಾನುವಾರದ ಸಂಜೆಯ ವಿಷಯವನ್ನೂ ಬರೆದೆ. "ಇನ್ನು ಮೇಲೆ ಇದಕ್ಕೆ ಕಾರಣ ಇರುವುದಿಲ್ಲ" ಎಂದು ಸೇರಿಸಿ ಸಹಿ ಹಾಕಿದೆ.

ಸೋಮವಾರ ನಾನು ಹುಡುಗಿಯನ್ನು ಕರೆದುಕೊಂಡು ಸರ್ಜಾಪುರದ ಶಾಲೆಗೆ ಹೋದಾಗ ಮಲಕಪ್ಪ ಕೆಲಸದ ಮಧ್ಯೆ ಅಲ್ಲಿಗೆ ಬಂದಿದ್ದ, ತಲೆಗೂದಲಲ್ಲಿ ಸಿಮೆಂಟು. "ತಡ ಆಗಿದ್ದು ನನ್ನಿಂದ ಮಲಕಪ್ಪ. ಕಾಗದದಿಂದಲ್ಲ, ನನ್ನಿಂದ" ಎಂದೆ. ಅವನು ಕೈಮುಗಿದ. "ಇರ್ಲಿ ಬಿಡ್ರಿ ಮೇಡಂ ಅವ್ರ, ಕಾಗದದ ಕೆಲಸ ಅಂದ್ರ ಹಂಗ. ನೀವ ಬಂದ್ರಲ್ಲ, ಭಾಳ ತ್ರಾಸ ತಗೊಂಡ್ರಿ." ಎರಡನೇ ಸಲ ಹೇಳಿದರೂ ಅವನು ಅದನ್ನು ನನ್ನ ದೊಡ್ಡತನ ಎಂದೇ ತಿಳಿದ. ಕ್ಷಮಿಸುವವರಿಗೆ ನಮ್ಮ ಮೇಲೆ ಮೊದಲು ಸಿಟ್ಟಾದರೂ ಬರಬೇಕಲ್ಲ, ಸಿಸ್ಟರ್. ಆ ತಪ್ಪು ನನ್ನ ಹತ್ತಿರವೇ ಉಳಿಯಿತು. ಉಳಿಯಲಿ.

ಶಿವಗಂಗಾ ಹೊಸ ಸಮವಸ್ತ್ರದಲ್ಲಿ ನಿಂತಿದ್ದಳು, ಅಳತೆ ದೊಡ್ಡದು. ಸಿಸ್ಟರ್ ಲಿಡ್ವಿನ್ ಆ ಕೊನೆಯ ಹಾಳೆಯನ್ನು ಅಲ್ಲೇ ನಿಂತು ಎರಡು ಸಲ ಓದಿ ಮಡಿಸಿಕೊಂಡರು. ಆಗ ಹುಡುಗಿ ಅವರ ಹತ್ತಿರ ಸರಿದು ನನಗೂ ಕೇಳುವಂತೆ ಹೇಳಿದಳು: "ಸಿಸ್ಟರ್, ನಮ್ಮ ಮೇಡಂ ಮಧ್ಯಾಹ್ನ ಉಣ್ಣಂಗಿಲ್ರಿ. ಕೇಳಿದ್ರಷ್ಟ ಉಣ್ತಾರ. ನೀವು ಫೋನ್ ಮಾಡಿ ಕೇಳ್ರಿ."

ನಾನು ಅವಳ ತಲೆ ಮುಟ್ಟಿ ಹೊರಟೆ. ಗೇಟು ದಾಟಿದೆ, ಬಸ್ ಸ್ಟಾಪಿನ ತನಕ ನಡೆದೆ. ಬೆನ್ನ ಹಿಂದೆ ಅವಳು ಸರಳು ಹಿಡಿದು ನಿಂತಿದ್ದಾಳೆ ಎಂದು ಗೊತ್ತಿತ್ತು. ನಾನು ತಿರುಗಲಿಲ್ಲ. ತಿರುಗಿದ್ದರೆ ಅವಳನ್ನು ಕರೆದುಕೊಂಡೇ ಬರುತ್ತಿದ್ದೆ.

ಇದನ್ನು ಹೇಳಲೆಂದೇ ಈ ಪತ್ರ, ಸಿಸ್ಟರ್. ನಿಮ್ಮ ಬೆನ್ನು ನೋಡುತ್ತಿದ್ದ ನನಗೆ ನಿಮ್ಮ ಮುಖ ಕಾಣುತ್ತಿರಲಿಲ್ಲ.

ಮರುದಿನ ಒಂದೂಕಾಲಿಗೆ ಆಫೀಸಿನ ಫೋನ್ ಬಂತು. ಸಿಸ್ಟರ್ ಲಿಡ್ವಿನ್. ದನಿ ಇನ್ನೂ ಬಿಗಿಯಾಗಿಯೇ ಇತ್ತು. "ಊಟ ಆಯ್ತಾ?" ಎಂದರು. "ಆಯ್ತು" ಎಂದೆ. "ಸುಳ್ಳು ಸಾಕು ಶಾಂಭವಿ" ಎಂದು ಇಟ್ಟರು. ಎದುರಿನ ಕುರ್ಚಿ ಖಾಲಿಯಿತ್ತು. ಡಬ್ಬಿ ಬಿಚ್ಚಿದೆ.

ನೀವಿರುವ ಊರು ಶಿವಗಂಗಾಳ ಊರಿನ ದಿಕ್ಕಿನಲ್ಲೇ ಇದೆಯಂತೆ. ಬಿಸಿಲು ಹೆಚ್ಚು ಎಂದು ಅವಳು ಹೇಳುತ್ತಿದ್ದಳು. ನಿಮಗೂ ಹಸಿವಾದರೆ ಹೇಳುವ ಅಭ್ಯಾಸವಿಲ್ಲ, ಇಷ್ಟು ವರ್ಷ ಎದುರು ಕೂತು ನೋಡಿದ್ದೇನೆ. ಅಲ್ಲಿ ಯಾರಾದರೂ ಕೇಳುವವರಿರಲಿ. ಈ ಪತ್ರವನ್ನು ಮೇ ತಿಂಗಳ ತನಕ ಒಡೆಯದೆ ಇಟ್ಟರೂ ಸರಿ, ಪದ್ಧತಿ ಮುರಿಯಬೇಡಿ. ದೇವರು, ನಿಮ್ಮವನೋ ನನ್ನವನೋ, ನಿಮ್ಮನ್ನು ಹೊತ್ತಿಗೆ ಸರಿಯಾಗಿ ಊಟಕ್ಕೆ ಕೂರಿಸಲಿ.

ನೀವು ಗೇಟಿನಲ್ಲಿ ಬಿಟ್ಟುಹೋದ,
ಶಾಂಭವಿ